ಮಳೆ ಗೊತ್ತಿತ್ತು, ಚಳಿಮಳೆ ಗೊತ್ತಿರಲಿಲ್ಲ

ಮೇ ಕೊನೆಗೆ ಭಾವನೂ ನಾನೂ ಮಂಗಳೂರು ಜಂಕ್ಷನ್‌ನಲ್ಲಿ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿದೆವು. ಹೋಗಬೇಕಾದ್ದು ಹಿಮಾಚಲದ ಕಸೋಲ್‌ಗೆ, ಅಲ್ಲಿಂದ ಮೇಲೆ ಟೆಂಟ್ ವಾಸ. ವಿಮಾನದ ಮಾತೆತ್ತಿದರೆ ಭಾವ, "ಅದರಲ್ಲಿ ಎಂತ ಕಾಣ್ತದೆ ಮಾರಾಯ?" ಅಂತ ಬಾಯಿ ಮುಚ್ಚಿಸಿದ್ದರು.

ಕೊಂಕಣದ ದಾರಿಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಹೊಳೆ, ಸೇತುವೆ, ಸುರಂಗ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೇ 6.5 ಕಿ.ಮೀ. ಆದರೆ ಭುಸಾವಳ್ ದಾಟಿದ ಮೇಲೆ ಸೆಕೆ ಅಂದ್ರೆ ಸೆಕೆ. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಬನ್ಸ್ ಖಾಲಿಯಾಗಿ ಅವಲಕ್ಕಿ, ಮಿಡಿ ಉಪ್ಪಿನಕಾಯಿಗೆ ಇಳಿದಿದ್ದೆವು. ದೆಹಲಿಯಿಂದ ರಾತ್ರಿ ಬಸ್ಸು. ಪಾರ್ವತಿ ನದಿ ಬಿಯಾಸ್‌ಗೆ ಸೇರುವ ಭುಂತರ್‌ನಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಕಸೋಲ್.

ನಮ್ಮ ಕುದುರೆಮುಖದ ತುದಿ 1,894 ಮೀಟರ್. ಕಸೋಲಿನಿಂದ ನಡೆದು ಹತ್ತುವ ಗ್ರಹಣ್ ಹಳ್ಳಿಯೇ ಅದಕ್ಕಿಂತ ಮೇಲಿದೆ. ನಮ್ಮ ಟೆಂಟ್ ಅದಕ್ಕೂ ಮೇಲೆ, ಕಾಡಿನ ಅಂಚಿನಲ್ಲಿ.

ಮಧ್ಯಾಹ್ನದ ನಂತರ ಮೋಡ ಕವಿಯಿತು. ಅಲ್ಲಿ ಮೇ ತಿಂಗಳ ಮಳೆಗೂ ನಮ್ಮ ಮುಂಗಾರಿಗೂ ಸಂಬಂಧವಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ಗಾಳಿಯ ಸುಳಿಗಳು ಅದನ್ನು ತರುತ್ತವೆ. "ಮಳೆ ನಮಗೆ ಹೊಸತಾ?" ಅಂತ ಭಾವ ನಕ್ಕರು. ಆಟಿಯ ಜಡಿಮಳೆಯಲ್ಲಿ ಗದ್ದೆಗಿಳಿದ ಮನುಷ್ಯ, ನಗದೇ ಇರುತ್ತಾರಾ? ಅರ್ಧ ಗಂಟೆಯಲ್ಲಿ ಆ ನಗು ನಿಂತಿತು. ಊರಿನ ಮಳೆಯಲ್ಲಿ ರೈನ್‌ಕೋಟಿನೊಳಗೆ ಬೆವರುತ್ತೇವೆ, ಅಲ್ವಾ? ಇಲ್ಲಿ ಮೊದಲು ಆಲಿಕಲ್ಲು ಟಪಟಪ ಬಿತ್ತು, ಆಮೇಲೆ ಸಣ್ಣ ಜಿನುಗು, ಜೊತೆಗೆ ಗಾಳಿ. ಹತ್ತಿ ಬನಿಯನ್ ಒಮ್ಮೆ ನೆಂದರೆ ಒಣಗುವುದೇ ಇಲ್ಲ, ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಭಾವ ತಂದಿದ್ದು ಪೂರಾ ಹತ್ತಿ. ನನ್ನ ಉಣ್ಣೆಯ ಸ್ವೆಟರ್ ಅವರ ಮೈಗೆ ಹೋಯಿತು.

ರಾತ್ರಿ ಟೆಂಟಿನ ಒಳಗೂ ನೀರು. ಸೋರಿದ್ದಲ್ಲ, ನಮ್ಮ ಉಸಿರೇ ತಣ್ಣನೆ ಬಟ್ಟೆಗೆ ತಾಗಿ ಹನಿಯಾಗಿತ್ತು. ತಲೆ ತಾಗಿದರೆ ಸಾಕು, ಕುತ್ತಿಗೆಗೆ ಇಳಿಯುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಒಣ ಸಾಕ್ಸ್ ಹೊರತೆಗೆದಾಗ ಭಾವ ಅದನ್ನು ಕೆನ್ನೆಗೆ ಒತ್ತಿಕೊಂಡರು. ಮದುವೆಯಲ್ಲೂ ಅವರ ಮುಖ ಅಷ್ಟು ಅರಳಿರಲಿಲ್ಲ. (ಅಕ್ಕ ಇದನ್ನು ಓದಬಾರದು.)

ಇಳಿದ ಮೇಲೆ ಸೀದಾ ಮಣಿಕರಣ್. ನೆಲದಿಂದ ಕುದಿನೀರು ಉಕ್ಕುವ ಜಾಗ. ಗುರುದ್ವಾರದ ಲಂಗರ್‌ಗೆ, ಅಂದರೆ ಬಂದವರಿಗೆಲ್ಲ ಹಾಕುವ ಊಟಕ್ಕೆ, ಅನ್ನ, ಬೇಳೆ ಬೇಯುವುದು ಆ ಬುಗ್ಗೆಯಲ್ಲೇ. ಯಾತ್ರಿಕರು ಬಟ್ಟೆಯಲ್ಲಿ ಅಕ್ಕಿ ಗಂಟು ಕಟ್ಟಿ ನೀರಿಗೆ ಇಳಿಬಿಟ್ಟಿದ್ದರು. ಭಾವ ತುಂಬಾ ಹೊತ್ತು ಅದನ್ನೇ ನೋಡಿದರು.

"ನಮ್ಮ ಕುಚ್ಚಲಕ್ಕಿ ಹಾಕಿದ್ರೆ ಎಷ್ಟು ಹೊತ್ತು ಬೇಕು ಮಾರಾಯ?"