ಹಸಿರು ಗುಡ್ಡವೊಂದರ ಜಾಗ ಹುಡುಕುತ್ತಾ ಕಲಿತದ್ದು

ಓದುಗರು ಕಳುಹಿಸುವ ಛಾಯಾಚಿತ್ರಗಳನ್ನು ಪರಿಶೀಲಿಸುವುದು ಬೆಂಗಳೂರಿನ ಸುದ್ದಿಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಚಿತ್ರ ಯಾವ ಊರಿನದು, ಯಾವಾಗ ತೆಗೆದದ್ದು, ಜೊತೆಗಿರುವ ಒಕ್ಕಣೆ ನಿಜವೇ ಎಂಬುದು ಖಚಿತವಾದ ಮೇಲೆಯೇ ಅದು ಪ್ರಕಟಣೆಗೆ ಹೋಗಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ತಮ್ಮೂರಿನ ಕೆರೆ ಕೋಡಿ ಬಿದ್ದಿದೆ ಎಂದು ಹಿರಿಯ ಓದುಗರೊಬ್ಬರು ಕಳುಹಿಸಿದ ಚಿತ್ರವನ್ನು ನಾನು ‘ಈ ಸ್ಥಳದ್ದಲ್ಲ’ ಎಂದು ಷರಾ ಬರೆದು ತಿರಸ್ಕರಿಸಿದೆ. ಚಿತ್ರದಲ್ಲಿ ನೀರು ಏರಿಯ ಅಂಚಿನವರೆಗೆ ತುಂಬಿತ್ತು. ನಾನು ತೆರೆದು ನೋಡಿದ ಉಪಗ್ರಹ ಚಿತ್ರದಲ್ಲಿ ಅದೇ ಕೆರೆಯಂಗಳ ಒಣಗಿ, ಜಾಲಿ ಬೆಳೆದು, ನಡುವೆ ಗಾಡಿಜಾಡು ಮೂಡಿತ್ತು. ಅವರು ಫೋನ್ ಮಾಡಿ, “ಅದು ನಾನು ಈಜು ಕಲಿತ ಕೆರೆ ಸ್ವಾಮಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಮೇಡಂ ನನ್ನ ಷರಾ ಓದಿದರು, ಗದರಲಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರುಗಳ ಪರದೆಯ ಮೇಲೆ ನಾವೆಲ್ಲ ನೋಡಿದ್ದ, ನೀಲಿ ಆಕಾಶದ ಕೆಳಗಿನ ಹಸಿರು ಗುಡ್ಡದ ‘ಬ್ಲಿಸ್’ ಎಂಬ ವಾಲ್‌ಪೇಪರನ್ನು ನನಗೆ ಕಳುಹಿಸಿ, “ಇದು ಎಲ್ಲಿಯದು, ಛಾಯಾಗ್ರಾಹಕ ಎಲ್ಲಿ ನಿಂತಿದ್ದ, ಯಾವ ಕಾಲದಲ್ಲಿ ತೆಗೆದ ಎಂಬುದನ್ನು ಹುಡುಕಿ, ಪ್ರತಿ ಉತ್ತರಕ್ಕೂ ಆಧಾರ ಬರೆದುಕೊಡಿ” ಎಂದರು.

ಮೊದಲ ಎರಡು ದಿನ ನಾನು ಹಾದಿ ತಪ್ಪಿದೆ. ಈ ಚಿತ್ರಕ್ಕೆ ಡಚ್ ಭಾಷೆಯ ವಿಂಡೋಸ್‌ನಲ್ಲಿ ‘ಐರ್ಲೆಂಡ್’ ಎಂಬ ಹೆಸರಿತ್ತು ಎಂದು ತಿಳಿದದ್ದೇ, ಅದನ್ನು ಸಾಕ್ಷ್ಯವೆಂದು ಹಿಡಿದುಕೊಂಡು ಐರ್ಲೆಂಡಿನ ಹುಲ್ಲುಗಾವಲುಗಳನ್ನು ನಕ್ಷೆಯಲ್ಲಿ ಜಾಲಾಡಿದೆ. ಆ ಹೆಸರನ್ನು ಇಟ್ಟವರು ಚಿತ್ರ ತೆಗೆದವರಲ್ಲ ಎಂಬುದನ್ನು ಯೋಚಿಸಲೇ ಇಲ್ಲ. ಬಣ್ಣ ಇಷ್ಟು ಗಾಢವಾಗಿರುವುದರಿಂದ ಇದು ಕಂಪ್ಯೂಟರಿನಲ್ಲಿ ರಚಿಸಿದ ದೃಶ್ಯವಿರಬಹುದು ಎಂಬ ಇನ್ನೊಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದೆ.

ಚಿತ್ರ ತೆಗೆದವರು ಚಾರ್ಲ್ಸ್ ಒ’ರಿಯರ್. ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಗೆ ಬಹುಕಾಲ ಕೆಲಸ ಮಾಡಿದ್ದ ಅವರು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಾಪಾ ಕಣಿವೆಯ ಸೇಂಟ್ ಹೆಲೆನಾದಲ್ಲಿದ್ದರು. 1996ರ ಜನವರಿಯಲ್ಲಿ ಗೆಳತಿಯನ್ನು ನೋಡಲು ಹೊರಟಿದ್ದಾಗ, ಮಳೆ ಬಂದು ಹೋದ ಮೇಲಿನ ತಿಳಿಬೆಳಕಿನಲ್ಲಿ ಈ ಗುಡ್ಡ ಕಣ್ಣಿಗೆ ಬಿದ್ದು, ಗಾಡಿ ನಿಲ್ಲಿಸಿ ಮಾಮಿಯಾ ಆರ್‌ಝಡ್67 ಎಂಬ ಮಧ್ಯಮ ಚೌಕಟ್ಟಿನ (ಮೀಡಿಯಂ ಫಾರ್ಮ್ಯಾಟ್) ಕ್ಯಾಮೆರಾದಲ್ಲಿ, ಫ್ಯೂಜಿಯ ವೆಲ್ವಿಯಾ ಫಿಲ್ಮಿನ ಮೇಲೆ ಚಿತ್ರ ತೆಗೆದರು. ಹಸಿರು, ನೀಲಿಗಳನ್ನು ತುಂಬಿಕೊಡುವುದಕ್ಕೆ ವೆಲ್ವಿಯಾ ಹೆಸರುವಾಸಿ. ಬಣ್ಣದ ಬಗ್ಗೆ ನನಗಿದ್ದ ಅನುಮಾನಕ್ಕೆ ಉತ್ತರದ ಬಹುಭಾಗ ಆ ಫಿಲ್ಮಿನಲ್ಲೇ ಇತ್ತು. ತಾನು ಚಿತ್ರವನ್ನು ತಿದ್ದಿಲ್ಲ, ಮೈಕ್ರೋಸಾಫ್ಟ್ ಅಂಚನ್ನು ಸ್ವಲ್ಪ ಕತ್ತರಿಸಿ ಹಸಿರನ್ನು ತುಸು ಗಾಢಗೊಳಿಸಿತು ಎಂದು ಒ’ರಿಯರ್ ಹೇಳಿದ್ದಾರೆ.

ಜಾಗ ಸೊನೊಮಾ ಕೌಂಟಿಯಲ್ಲಿ, ನಾಪಾ ಕೌಂಟಿಯ ಗಡಿಗೆ ಹತ್ತಿರ, 12 ಮತ್ತು 121ನೇ ಸಂಖ್ಯೆಯ ಹೆದ್ದಾರಿಗಳು ಒಂದೇ ರಸ್ತೆಯಾಗಿ ಸಾಗುವ ಭಾಗದಲ್ಲಿದೆ ಎಂಬಷ್ಟು ಗೊತ್ತಾದ ಮೇಲೆ, ಗೂಗಲ್ ನಕ್ಷೆಯಲ್ಲಿ ರಸ್ತೆಯ ಮೇಲಿಂದ ತೆಗೆದ ಚಿತ್ರಗಳನ್ನು ತೋರಿಸುವ ಸ್ಟ್ರೀಟ್ ವ್ಯೂನಲ್ಲಿ ಆ ರಸ್ತೆಯುದ್ದಕ್ಕೂ ನಿಧಾನವಾಗಿ ಸಾಗಿದೆ. ಗುಡ್ಡ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದಕ್ಕಿಂತ, ಅದರ ಎದುರಿಗೇ ಬಂದು ಮುಂದೆ ಹೋಗಿಬಿಟ್ಟಿದ್ದೆ. ಏಕೆಂದರೆ ಅಲ್ಲಿ ಹುಲ್ಲಿರಲಿಲ್ಲ, ಇಳಿಜಾರಿನ ತುಂಬ ಸಾಲುಸಾಲಾಗಿ ದ್ರಾಕ್ಷಿ ಬಳ್ಳಿಗಳಿದ್ದವು. ಅಷ್ಟು ಬಳ್ಳಿ ಇರುವ ಜಾಗ ಆ ಬೋಳು ಗುಡ್ಡವಾಗಿರಲು ಸಾಧ್ಯವಿಲ್ಲ ಎಂದು ಪಟ್ಟಿಯಿಂದ ಹೊಡೆದು ಹಾಕಿದ್ದೆ.

ವಿಜಯಪುರ ಜಿಲ್ಲೆಯ ನಮ್ಮ ಮನೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಆ ವಾರ ಊರಿಗೆ ಫೋನ್ ಮಾಡಿದಾಗ ಮಾತಿನ ನಡುವೆ ಕಾಕಾನಿಗೆ ಈ ಹುಡುಕಾಟದ ವಿಷಯ ಹೇಳಿದೆ. “ಈಗ ದ್ರಾಕ್ಷಿ ಪಡಾ ಐತಿ ಅಂದ್ರ ಮೊದಲಿಂದ ಇತ್ತಂತೇನು ತಮ್ಮಾ? ನಾವು ಹಳೀ ಬಳ್ಳಿ ಕಿತ್ತು ಎರಡು ವರ್ಷ ಹೊಲ ಖಾಲಿ ಬಿಟ್ಟಿದ್ದಿಲ್ಲೇನು?” ಎಂದು ಅವರು ಕೇಳಿದರು. ಆ ಖಾಲಿ ಹೊಲದಲ್ಲಿ ನಾನೇ ದನ ಮೇಯಿಸಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದೂ ಅದೇ. ಫಿಲಾಕ್ಸೆರಾ ಎಂಬ, ದ್ರಾಕ್ಷಿಯ ಬೇರಿನ ರಸ ಹೀರಿ ಬಳ್ಳಿಯನ್ನು ಕೊಲ್ಲುವ ಸಣ್ಣ ಕೀಟ 1980ರ ದಶಕದಿಂದ ನಾಪಾ, ಸೊನೊಮಾ ತೋಟಗಳನ್ನು ಹಾಳುಗೆಡವಿತು. ಅಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಎಎಕ್ಸ್‌ಆರ್1 ಎಂಬ ರೂಟ್‌ಸ್ಟಾಕ್‌ಗೆ (ಕಸಿ ಕಟ್ಟಲು ಬೇರಿನ ಭಾಗವಾಗಿ ಬಳಸುವ ಗಿಡಕ್ಕೆ) ಅದನ್ನು ತಡೆಯುವ ಶಕ್ತಿ ಸಾಲದಾಗಿ, ಬಳ್ಳಿಗಳನ್ನು ಬುಡಸಮೇತ ಕಿತ್ತು ಬೇರೆ ರೂಟ್‌ಸ್ಟಾಕ್‌ನ ಮೇಲೆ ಕಸಿ ಮಾಡಿ ಮತ್ತೆ ನೆಡಬೇಕಾಯಿತು. (ನಮ್ಮ ಕಡೆ ನೀರಿನ ಅಭಾವಕ್ಕೂ ಉಪ್ಪುನೀರಿಗೂ ತಾಳುತ್ತದೆಂದು ಡಾಗ್ರಿಜ್ ರೂಟ್‌ಸ್ಟಾಕ್ ಹಚ್ಚುವವರಿಗೆ ಬೇರಿನ ಆಯ್ಕೆಯ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.) ಹಳೆಯ ಬಳ್ಳಿ ತೆಗೆದು ಹೊಸದು ನೆಡುವ ನಡುವಿನ ಅಲ್ಪಾವಧಿಯಲ್ಲಿ ಗುಡ್ಡದ ಮೇಲೆ ಹುಲ್ಲು ಹಬ್ಬಿತ್ತು, ಒ’ರಿಯರ್ ಅಲ್ಲಿ ಹಾದುಹೋದದ್ದು ಆಗಲೇ. 2006ರಲ್ಲಿ ಸ್ವೀಡನ್ನಿನ ಗೋಲ್ಡಿನ್ ಮತ್ತು ಸೆನ್ನೆಬಿ ಎಂಬ ಕಲಾವಿದರು ಅದೇ ಜಾಗಕ್ಕೆ ಹೋಗಿ ತೆಗೆದ ಚಿತ್ರದಲ್ಲಿ ಗುಡ್ಡದ ತುಂಬ ಬಳ್ಳಿಗಳೇ ಕಾಣುತ್ತವೆ.

ಇನ್ನೊಂದು ತಪ್ಪು ಋತುವಿನದು. ಇಷ್ಟು ಹಸಿರಿದ್ದರೆ ಅದು ಜುಲೈ, ಆಗಸ್ಟ್ ಇರಬೇಕೆಂದು ನಾನು ಬರೆದಿದ್ದೆ, ಏಕೆಂದರೆ ನಾನು ಬೆಳೆದ ನೆಲದಲ್ಲಿ ಹುಲ್ಲು ಚಿಗುರುವುದು ಮುಂಗಾರಿಗೆ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಜನವರಿಯಲ್ಲಿ ಹಸಿರಾಗಿರುವ ಗುಡ್ಡ ಜುಲೈ ಹೊತ್ತಿಗೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ನೆಲ ಪರರದ್ದಾದಾಗ ಅದರ ಪಂಚಾಂಗವನ್ನೂ ಓದಬೇಕಿತ್ತು.

ಹೊಡೆದು ಹಾಕಿದ್ದ ಜಾಗಕ್ಕೆ ಮರಳಿದೆ. ಈ ಸಲ ಹುಲ್ಲು, ಬಳ್ಳಿ, ಮೋಡ, ಬಣ್ಣ ಯಾವುದನ್ನೂ ನೋಡದೆ, ವಾಲ್‌ಪೇಪರಿನಲ್ಲಿ ಗುಡ್ಡದ ನೆತ್ತಿ ಆಕಾಶಕ್ಕೆ ತಾಗುವ ಗೆರೆಯನ್ನೂ ಎಡ ಅಂಚಿನಲ್ಲಿ ದೂರಕ್ಕೆ ಕಾಣುವ ಬೆಟ್ಟಸಾಲನ್ನೂ ತೆಳುಕಾಗದದ ಮೇಲೆ ಪೆನ್ಸಿಲಿನಿಂದ ಎಳೆದುಕೊಂಡು ಪರದೆಗೆ ಹಿಡಿದು ನೋಡಿದೆ. ರಸ್ತೆಯಂಚಿನ ಒಂದು ನಿರ್ದಿಷ್ಟ ಬಿಂದುವಿಗೆ ಬಂದಾಗ ಎರಡೂ ಗೆರೆಗಳು ಹೊಂದಿಕೊಂಡವು. ಆ ಕ್ಷಣದ ಸಂತೋಷ ನನಗೆ ಈಗಲೂ ನೆನಪಿದೆ.

ವರದಿ ಒಪ್ಪಿಸುವ ಮೊದಲೇ ಕೆರೆಯ ಚಿತ್ರವನ್ನು ತೆರೆದೆ. ನಾನು ಹೋಲಿಸಿದ್ದ ಉಪಗ್ರಹ ಚಿತ್ರದ ಕೆಳಗೆ ಅದನ್ನು ಸೆರೆಹಿಡಿದ ದಿನಾಂಕ ಇದ್ದೇ ಇತ್ತು: ಏಪ್ರಿಲ್, ಅದೂ ಮೂರು ವರ್ಷ ಹಿಂದಿನದು. ಓದುಗರ ಚಿತ್ರ ಅಕ್ಟೋಬರಿನದು. ನೀರನ್ನು ಬದಿಗಿಟ್ಟು ನೋಡಿದರೆ ಏರಿಯ ತಿರುವು, ತೂಬಿನ ಎರಡು ಕಲ್ಲುಕಂಬಗಳು, ಹಿಂದಿನ ಗುಡ್ಡದ ಇಳಿಜಾರು ಎಲ್ಲವೂ ಅವರು ಹೇಳಿದ ಊರಿಗೇ ಹೊಂದುತ್ತಿದ್ದವು. ಷರಾವನ್ನು ರದ್ದುಪಡಿಸಿ, ತಪ್ಪು ನನ್ನದೆಂದು ದಾಖಲಿಸಿ, ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅಷ್ಟರಲ್ಲಿ ಸುದ್ದಿ ಹಳೆಯದಾಗಿತ್ತಾದರೂ ಮೇಡಂ ಆ ಚಿತ್ರವನ್ನು ಪ್ರಕಟಿಸಿದರು. ಅಡಿಬರಹದಲ್ಲಿ ಊರಿನ ಹೆಸರಿನ ಪಕ್ಕ ತಿಂಗಳನ್ನೂ ವರ್ಷವನ್ನೂ ಸೇರಿಸುವಂತೆ ನನಗೆ ಹೇಳಿದರು, ಮತ್ತು ಅಂದಿನಿಂದ ನಮ್ಮ ವಿಭಾಗದ ಪರಿಶೀಲನಾ ನಮೂನೆಯಲ್ಲಿ ‘ಸ್ಥಳ’ ಎಂಬುದರ ಮುಂದೆಯೇ, ಹೋಲಿಸಿದ ಉಪಗ್ರಹ ಚಿತ್ರದ ದಿನಾಂಕ ಬರೆಯಲು ಇನ್ನೊಂದು ಖಾನೆ ಇದೆ.