ಪಶ್ತೋ ಮನೆಮಾತಲ್ಲದ ಪಠಾಣರು

ಕ್ರಿಕೆಟ್ ಹರಟೆಯಲ್ಲಿ ಇಮ್ರಾನ್ ಖಾನ್ ಹೆಸರು ಬಂದರೆ ಸಾಕು, ನಾನು ಅವರ ತಾಯಿಯ ಕಡೆಯ ಬುರ್ಕಿ ಎಂಬ ಪಠಾಣ ಕುಲದ ಕಥೆ ತೆಗೆಯುತ್ತೇನೆ. ಪಠಾಣರೆಂದರೆ ಪಶ್ತೂನರು, ಪಶ್ತೋ ಆಡುವವರು. ಕೇಳಿದವರದೆಲ್ಲ ಒಂದೇ ಪ್ರಶ್ನೆ: "ಮೂಲದಲ್ಲೇ ಬುರ್ಕಿಗಳ ಮಾತು ಪಶ್ತೋ ಅಲ್ಲ ಅಂದಮೇಲೆ ಪಠಾಣರು ಹೇಗಾಗ್ತಾರೆ ಮಾರಾಯ್ರೆ?"

1987ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಾವಸ್ಕರ್ 96ಕ್ಕೆ ಔಟಾಗಿ ನಾವು 16 ರನ್ನಿನಿಂದ ಸೋತೆವಲ್ಲ, ಆಗ ಎದುರಾಳಿ ನಾಯಕ ಇದೇ ಇಮ್ರಾನ್. ತಾಯಿ ಜಲಂಧರಿನ ಬುರ್ಕಿ ಮನೆತನದವರು. ಜಾವೇದ್ ಬುರ್ಕಿ, ಮಜೀದ್ ಖಾನ್ ಇಬ್ಬರೂ ಆ ತಾಯಿಯ ಒಡಹುಟ್ಟಿದ ಅಕ್ಕತಂಗಿಯರ ಮಕ್ಕಳು. ಮೂವರೂ ಪಾಕಿಸ್ತಾನ ತಂಡವನ್ನು ಮುನ್ನಡೆಸಿದವರೇ!

ಬುರ್ಕಿಗಳ ಬೇರು ಇರುವುದು ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದ ಕಾನಿಗುರಂನಲ್ಲಿ. ಸುತ್ತಲೂ ಪಶ್ತೋ ಆಡುವ ಮೆಹಸೂದ್ ಬುಡಕಟ್ಟಿನವರ ಸೀಮೆ, ನಟ್ಟನಡುವೆ ಈ ಊರಿನ ಮಾತು ಮಾತ್ರ ಓರ್ಮುರಿ. ಇದು ಪಶ್ತೋದ ಒಳನುಡಿಯೆಂದು ತಿಳಿಯಬೇಡಿ. ಎರಡೂ ಇರಾನಿ ಬಳಗದವೇ, ಆದರೆ ಓರ್ಮುರಿಗೆ ಹತ್ತಿರದ ನಂಟು ಕಾಬೂಲಿನ ಆಚೆಯ ಕಣಿವೆಗಳ ಪರಾಚಿ ಭಾಷೆಯೊಂದಿಗೆ. ಕಾಬೂಲ್ ಸೀಮೆಯಲ್ಲಿ ಕೇಳಿಬರುವ ಹನ್ನೊಂದು ಹನ್ನೆರಡು ಭಾಷೆಗಳನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಎಣಿಸುವಾಗ ಈ ಎರಡೂ ಪಟ್ಟಿಯಲ್ಲಿವೆ. ಅಫ್ಘಾನಿಸ್ತಾನದ ಲೋಗರಿನ ಬರಕಿ ಬರಕ್‌ನಲ್ಲೂ ಓರ್ಮುರಿ ಇತ್ತು; ಅಲ್ಲೀಗ ಆಡುವವರು ಇಲ್ಲವೆನ್ನುವಷ್ಟು ಕಡಿಮೆ.

ಬುರ್ಕಿಗಳ ಮೂಲ ಕೇಳಿದರೆ ಅವರಲ್ಲಿ ಕೆಲವರು ಯೆಮೆನ್ ಎನ್ನುತ್ತಾರೆ, ಕೆಲವರು ಘಜ್ನಿ ಮಹಮೂದನ ಸೈನ್ಯದಲ್ಲಿದ್ದು ಭೂಮಿ ಪಡೆದೆವು ಎನ್ನುತ್ತಾರೆ. ಇವರನ್ನು 'ಓರ್ಮುರ್' ಎಂದು ಕರೆದದ್ದು ನೆರೆಯವರು. ಪಶ್ತೋದಲ್ಲಿ 'ಓರ್' ಎಂದರೆ ಬೆಂಕಿ, ಹಾಗಾಗಿ ಇವರು ಬೆಂಕಿ ಆರಿಸಿದವರಂತೆ! ಹೆಸರಿಗೆ ಆಮೇಲೆ ಕಥೆ ಹೊಸೆದದ್ದೆಂದೇ ನನ್ನ ಗುಮಾನಿ.

ಇನ್ನು ಪ್ರಶ್ನೆಗೆ ಉತ್ತರ. ಹೌದು, ಪಠಾಣರೇ. ನೆರೆಹೊರೆ, ಜಿರ್ಗಾ ಎಂಬ ಹಿರಿಯರ ಪಂಚಾಯಿತಿ, ನಡೆನುಡಿ ಎಲ್ಲ ಪಶ್ತೂನರದ್ದೇ, ಪಶ್ತೋ ಅವರಿಗೆ ನೀರು ಕುಡಿದಷ್ಟು ಸಲೀಸು. ಹದಿನಾರನೇ ಶತಮಾನದ ಸೂಫಿ ಗುರು ಪೀರ್ ರೋಶನ್ ಹುಟ್ಟಿದ್ದು ಜಲಂಧರಿನಲ್ಲಿ, ಬೆಳೆದದ್ದು ಕಾನಿಗುರಂನಲ್ಲಿ. ಪಶ್ತೋ ಗದ್ಯದ ತೀರಾ ಹಳೆಯ ಪುಸ್ತಕಗಳಲ್ಲೊಂದು ಓರ್ಮುರಿಯ ಊರಲ್ಲಿ ಬೆಳೆದ ಈತನದೇ! ಜಲಂಧರಿನಿಂದ ಲಾಹೋರಿಗೆ ಹೋದ ಬುರ್ಕಿಗಳಂತೂ ಎರಡೂ ಮಾತು ಮರೆತು ಪಂಜಾಬಿ, ಉರ್ದು ಹಿಡಿದರು, ಪಠಾಣರೆನ್ನುವುದನ್ನು ಬಿಡಲಿಲ್ಲ.

ನನಗೆ ಚಿಂತೆ ಓರ್ಮುರಿಯದ್ದು. 2009ರ ಸೇನಾ ಕಾರ್ಯಾಚರಣೆಯಲ್ಲಿ ಕಾನಿಗುರಂನವರು ಮನೆ ಬಿಟ್ಟು ಟಾಂಕ್, ಡೇರಾ ಇಸ್ಮಾಯಿಲ್ ಖಾನ್ ಕಡೆ ಚದುರಿದರು. ಆ ಬೀದಿಗಳಲ್ಲಿ ಆಡುವ ಮಕ್ಕಳ ಕಿವಿಗೆ ಬೀಳುವುದು ಪಶ್ತೋ, ಸರಾಯ್ಕಿ, ಉರ್ದು.