ಗುಣವಾದವರ ಸಂಖ್ಯೆ ಎಷ್ಟು?

ಧನಸಹಾಯದ ಅರ್ಜಿಯ ನಾಲ್ಕನೇ ಪುಟದಲ್ಲಿ ಒಂದು ಕಾಲಂ ಇತ್ತು. 'ಯೋಜನೆಯಿಂದ ಗುಣಮುಖರಾಗುವ ರೋಗಿಗಳ ಸಂಖ್ಯೆ, ವರ್ಷವಾರು.' ಪಕ್ಕದಲ್ಲಿ ಕೆಂಪು ಚುಕ್ಕೆ, ಅಂದರೆ ತುಂಬದಿದ್ದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ನಾನು ಸೊನ್ನೆ ಹಾಕಿದೆ. ಪೋರ್ಟಲ್ ಸೊನ್ನೆ ಒಪ್ಪಲಿಲ್ಲ.

ನಮ್ಮದು ಕೊಪ್ಪಳದ ಒಂದು ಚಿಕ್ಕ ಟ್ರಸ್ಟ್. ಕ್ಯಾನ್ಸರ್ ಕೈ ಮೀರಿ, 'ಇನ್ನು ಮನೆಗೆ ಕರ್ಕೊಂಡು ಹೋಗಿ' ಅಂತ ದೊಡ್ಡ ಆಸ್ಪತ್ರೆಯವರು ಹೇಳಿ ಕಳಿಸುತ್ತಾರಲ್ಲ, ಅಲ್ಲಿಂದ ನಮ್ಮ ಕೆಲಸ ಶುರು. ವಾರದಲ್ಲಿ ಕೆಲವು ದಿನ ಬರುವ ಒಬ್ಬರು ಡಾಕ್ಟರ್, ಇಬ್ಬರು ನರ್ಸ್, ಒಬ್ಬ ಡ್ರೈವರ್, ಒಂದು ಹಳೇ ಗಾಡಿ. ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಹೋಗಿ ಗಾಯ ತೊಳೆದು, ನೋವಿನ ಮಾತ್ರೆ ಕೊಟ್ಟು, ಮನೆಯವರಿಗೆ ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟು ಬರುತ್ತಾರೆ. ನಾನು ಹಗಲೆಲ್ಲಾ ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವವನು, ಸಂಜೆ ಟ್ರಸ್ಟಿನ ಲೆಕ್ಕ ನೋಡುತ್ತೇನೆ. ಪೋರ್ಟಲ್ ಅಂದರೆ ಇವನಿಗೇ ಸರಿ ಅಂತ ಅರ್ಜಿ ನನ್ನ ತಲೆಗೆ ಕಟ್ಟಿದರು.

ಅಲ್ಲಿಯವರೆಗೆ ಟ್ರಸ್ಟ್ ನಡೆದದ್ದು ಊರವರ ದುಡ್ಡಿನಲ್ಲಿ. ದಲಾಲಿ ಅಂಗಡಿಯವರು, ಒಂದಿಬ್ಬರು ನಿವೃತ್ತ ಮೇಷ್ಟ್ರು, ತಂದೆ ತಾಯಿಯ ಪುಣ್ಯತಿಥಿಗೆ ಅಂತ ಕೊಡುವವರು. ಗವಿಮಠದ ಜಾತ್ರೆ ಮುಗಿದ ಮೇಲೆ ಕೊಡುವ ಕೈ ಸ್ವಲ್ಪ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಪೂರಾ ಬಂದ್. ಆದರೆ ಡೀಸೆಲ್ಲಿಗೆ ಬೇಸಿಗೆ ಮಳೆಗಾಲ ಅಂತೇನೂ ಇಲ್ಲ. ಹಾಗಾಗಿ ಒಂದು ಕಂಪನಿಯ ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕೋಣ ಅಂತ ಆಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಇದೇ ಸಿಎಸ್‌ಆರ್. ಅದನ್ನು ನಮ್ಮಂಥ ಟ್ರಸ್ಟ್ ಮೂಲಕ ಮಾಡುವುದಾದರೆ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇರಬೇಕು, ಇಂಥದ್ದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನೋ ಫಾರ್ಮ್ ತುಂಬಿ ನಂಬರ್ ಕೂಡ ತಗೋಬೇಕು. ಅದಕ್ಕೆ ಟ್ರಸ್ಟಿಯ ಡಿಜಿಟಲ್ ಸಹಿ ಬೇಕು, ಮೇಲೆ ಸಿಎ ಅಥವಾ ಅಂಥವರೊಬ್ಬರ ದೃಢೀಕರಣ. ನಮ್ಮ ಟ್ರಸ್ಟಿ ಎಪ್ಪತ್ತು ದಾಟಿದವರು. ಡಿಜಿಟಲ್ ಸಹಿಯ ವಿಡಿಯೋದಲ್ಲಿ ಕಣ್ಣು ಮಿಟುಕಿಸಿ ಅಂದರೆ ಅವರು ಕೈ ಮುಗಿದರು. ಇದೆಲ್ಲ ಓಡಾಟ ಆದರೂ ಕಷ್ಟದ್ದಲ್ಲ. ಕಾಗದ ಕಾಗದವೇ, ಇವತ್ತಲ್ಲ ನಾಳೆ ಸಿಗುತ್ತದೆ.

ಕಷ್ಟ ಆದದ್ದು ಆ ಕಾಲಂ. ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಹುಡುಗ ಪಾಪ ಒಳ್ಳೆಯವನೇ, 'ಏನಾದ್ರೂ ಒಂದು ನಂಬರ್ ಹಾಕಿ ಸರ್, ಆಮೇಲೆ ನೋಡ್ಕೊಳ್ಳೋಣ' ಅಂದ. ಡಾಕ್ಟರ್ ಬಿಲ್ಕುಲ್ ಒಪ್ಪಲಿಲ್ಲ. 'ಇವತ್ತು ಹತ್ತು ಜನ ಗುಣ ಆಗ್ತಾರೆ ಅಂತ ಬರೆದ್ರೆ ಬರೋ ವರ್ಷ ಆ ಹತ್ತು ಜನರ ಫೋಟೋ ಕೇಳ್ತಾರೆ, ಎಲ್ಲಿಂದ ತರ್ತೀರಿ?' ಅಂದರು. ಕೊನೆಗೆ ಅರ್ಜಿಯನ್ನು ಪ್ರಿಂಟ್ ತೆಗೆದು, ಆ ಕಾಲಂ ಮೇಲೆ 'ಅನ್ವಯಿಸುವುದಿಲ್ಲ, ಕಾರಣಕ್ಕೆ ಪತ್ರ ನೋಡಿ' ಅಂತ ಬರೆದು, ಸ್ಕ್ಯಾನ್ ಮಾಡಿ ಮೇಲ್ ಹಾಕಿದೆವು. ಕಸದ ಬುಟ್ಟಿಗೆ ಹೋಗುತ್ತದೆ ಅಂದುಕೊಂಡಿದ್ದೆ. ಕಂಪನಿಯಿಂದ ಫೋನ್ ಬಂತು.

ಫೋನಿನಲ್ಲಿ ಬಂದ ಮೊದಲ ಪ್ರಶ್ನೆ, 'ಮಷಿನ್ ಏನೂ ಇಲ್ವಲ್ಲ ಸರ್ ಬಜೆಟ್‌ನಲ್ಲಿ?' ನಿಜ, ಇರಲಿಲ್ಲ. ನರ್ಸ್ ಸಂಬಳ, ಡೀಸೆಲ್, ಔಷಧಿ, ಬ್ಯಾಂಡೇಜ್, ಅಷ್ಟೇ. ತಪಾಸಣೆ ಬಸ್ ಬೇಡ್ವಾ, ಕ್ಯಾಂಪ್ ಮಾಡೋಣ್ವಾ ಅಂತ ಕೇಳಿದರು. ತಪಾಸಣೆ ಬೇಡ ಅಂತ ಯಾರಂದ್ರು, ಬಾಯಿ ಕ್ಯಾನ್ಸರು, ಗರ್ಭಕೊರಳಿನ ಕ್ಯಾನ್ಸರು ಬೇಗ ಸಿಕ್ಕರೆ ಬದುಕುತ್ತಾರೆ. ಆದರೆ ಸಿಕ್ಕ ಮೇಲೆ? ಆಯುಷ್ಮಾನ್ ಕಾರ್ಡ್ ಇದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸರಿ. ರೇಡಿಯೇಶನ್ ಅಂದರೆ ವಾರಕ್ಕೆ 5 ದಿನದಂತೆ ಆರು ವಾರದ ಮಾತು. ಇಲ್ಲಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಜಾಸ್ತಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಂದರೆ ರಾತ್ರಿಯೆಲ್ಲಾ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು. ಕಾರ್ಡ್ ರೇಡಿಯೇಶನ್ನಿಗೆ ಕೊಡುತ್ತದೆ, ಜೊತೆಗೆ ಹೋದ ಮಗನ ಕೂಲಿಗೆ, ಲಾಡ್ಜಿಗೆ, ಊಟಕ್ಕೆ ಕೊಡುವುದಿಲ್ಲ. ಅರ್ಧಕ್ಕೆ ಬಿಟ್ಟು ವಾಪಸ್ ಬರುತ್ತಾರೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪೂರ್ತಿ ಫ್ರೀ, ಜೊತೆಯವರಿಗೆ ಶೇ. 75 ರಿಯಾಯಿತಿ ಇದೆ ಅನ್ನೋದೇ ಎಷ್ಟೋ ಮನೆಗೆ ಗೊತ್ತಿಲ್ಲ. ಅದಕ್ಕೆ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತರಬೇಕು, ಅದನ್ನು ಹೇಳುವುದೂ ನಮ್ಮ ನರ್ಸ್ ಕೆಲಸವೇ ಆಗಿದೆ.

ಎರಡನೇ ಪ್ರಶ್ನೆ, ಸಂಬಳ ಶೇ. 5ರೊಳಗೆ ಇರಬೇಕಲ್ಲ ಅಂತ. ಇದಕ್ಕೆ ಮಾತ್ರ ನಾನು ರೆಡಿ ಇದ್ದೆ. ಆ ಶೇ. 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆ ಜಾರಿಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ಗಾಯ ತೊಳೆಯುವ ನರ್ಸ್ ಸಂಬಳ ಆಡಳಿತ ವೆಚ್ಚ ಹೇಗೆ ಆಗುತ್ತೆ? ಆಕೆಯೇ ಯೋಜನೆ. ಈ ಮಾತು ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ನಾವು ಒಂದು ಸಲ ಬಂದು ನೋಡ್ತೀವಿ.'

ಬಂದವರು ಇಬ್ಬರು, ಬೆಂಗಳೂರಿನ ಹುಡುಗ ಮತ್ತು ಅವನ ಮೇಲಿನ ಮೇಡಂ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಕರೆದುಕೊಂಡು ಹೋದೆವು. ಮನೆಯವರನ್ನು ಮೊದಲೇ ಕೇಳಿದ್ದೆವು, ಫೋಟೋ ತೆಗೆಯಬಾರದು ಅಂತ ಇವರಿಗೂ ಹೇಳಿದ್ದೆವು. ಅಜ್ಜನಿಗೆ ಕೆನ್ನೆಯ ಕ್ಯಾನ್ಸರ್, ವರ್ಷಗಟ್ಟಲೆ ತಂಬಾಕು ಇಟ್ಟ ಜಾಗದಲ್ಲೇ. ಕೆನ್ನೆ ತೂತಾಗಿದೆ. ಮಾತು ಸರಿಯಾಗಿ ಬರುವುದಿಲ್ಲ.

ನರ್ಸ್ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದರು. ಮೆಟ್ರೋನಿಡಜೋಲ್ ಮಾತ್ರೆಯನ್ನು ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ, ಗಾಯದ ಮೇಲೆ ಉದುರಿಸಿ, ಗಾಜ್ ಇಟ್ಟು ಪಟ್ಟಿ ಹಾಕಿದರು. ಭೇದಿ ಆದರೆ ನಾವೆಲ್ಲಾ ನುಂಗುತ್ತೀವಲ್ಲ, ಅದೇ ಮಾತ್ರೆ. ಇಂಥ ಗಾಯದ ವಾಸನೆ ಬರುವುದು ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ, ಈ ಪುಡಿ ಅವನ್ನು ಕೊಲ್ಲುತ್ತದೆ. ಕ್ಯಾನ್ಸರಿಗೆ ಏನೂ ಆಗುವುದಿಲ್ಲ. ವಾಸನೆ ಹೋಗುತ್ತದೆ ಅಷ್ಟೇ. ಹುಡುಗ ಮೂಗು ಮುಚ್ಚಿಕೊಳ್ಳಬಾರದು ಅಂತ ಕಷ್ಟಪಟ್ಟು ನಿಂತಿದ್ದ, ಆದರೆ ಮುಚ್ಚಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಮೇಡಂ ಸೊಸೆಯನ್ನು ಕೇಳಿದರು, ಇವರು ಬರೋಕೆ ಶುರು ಮಾಡಿದ ಮೇಲೆ ಏನು ಬದಲಾಗಿದೆ ಅಂತ. ಆಕೆ ಸೀದಾ ಹೇಳಿದಳು: 'ಮೊದ್ಲ ಮಾವನ್ನ ದನದ ಕೊಟ್ಟಿಗಿ ಬಾಜೂಕ ಮಲಗಸ್ತಿದ್ವಿ ರೀ. ತಪ್ಪು ಅಂತ ಗೊತ್ತು, ಆದ್ರ ವಾಸನಿಗೆ ಉಣ್ಣಾಕ ಆಗ್ತಿದ್ದಿಲ್ಲ. ಈಗ ಪಡಸಾಲ್ಯಾಗ ಮಲಗ್ತಾರ. ಹುಡುಗ್ರು ಅಲ್ಲೇ ಟಿವಿ ನೋಡ್ತಾವ.'

'ಇದನ್ನ ಅಳೆಯೋದು ಹೇಗೆ?' ಅಂತ ಹುಡುಗ ಮೆತ್ತಗೆ ಕೇಳಿದ. ಕೆಟ್ಟ ಪ್ರಶ್ನೆಯೇನಲ್ಲ, ಅವನೂ ಮೇಲಿನವರಿಗೆ ಲೆಕ್ಕ ಕೊಡಬೇಕು. ನರ್ಸ್ ತಮ್ಮ ನೋಟ್‌ಬುಕ್ ತೆಗೆದರು. ನೋವಿಗೆ ಆಸ್ಪತ್ರೆಗಳಲ್ಲಿ 0ಯಿಂದ 10ರವರೆಗೆ ಅಂಕ ಕೇಳುತ್ತಾರೆ. ನಮ್ಮ ಕಡೆ ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ ಅಂತ ಇವರು ರೂಪಾಯಿ ಲೆಕ್ಕ ಮಾಡಿಕೊಂಡಿದ್ದಾರೆ. ತಡಿಯಲಾಗದ ನೋವು ಹತ್ತು ರೂಪಾಯಿ. ಇವತ್ತು ಎಷ್ಟು ರೂಪಾಯಿ ಅಜ್ಜ? ಮೊದಲ ಸಲ ಅಜ್ಜ ಒಂಬತ್ತು ತೋರಿಸಿದ್ದರಂತೆ. ಮಾರ್ಫಿನ್ ಶುರು ಮಾಡಿದ ಮೇಲೆ ಐದು, ಆಮೇಲೆ ಮೂರು. 4 ಗಂಟೆಗೊಮ್ಮೆ ಮಾತ್ರೆ, ಮಲಗುವಾಗ ಎರಡು ಪಾಲು, ಮಧ್ಯರಾತ್ರಿ ಎಬ್ಬಿಸದೆ ನಿದ್ದೆ ಹತ್ತಲಿ ಅಂತ. ಜೊತೆಗೆ ಮಲಬದ್ಧತೆಗೆ ಮಾತ್ರೆ, ಅದಿಲ್ಲದೆ ಮಾರ್ಫಿನ್ ಕೊಡಲೇಬಾರದು. ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ, ಅಕ್ಷರ ಬಾರದ ಸೊಸೆಗೆ. ಮಾರ್ಫಿನ್ ಮಾತ್ರೆ ದುಬಾರಿಯೂ ಅಲ್ಲ. ಸಿಗುವುದು ಕಷ್ಟ, ಯಾಕಂದ್ರೆ ಅದು ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ. 2014ರ ತಿದ್ದುಪಡಿಯ ಮೇಲೆ ನಿಯಮ ಸ್ವಲ್ಪ ಸಲೀಸಾಗಿದೆ, ಆದರೂ ಮಾನ್ಯತೆ ಪಡೆದ ಸಂಸ್ಥೆ, ತರಬೇತಿ ಆದ ಡಾಕ್ಟರ್, ಮಾತ್ರೆ ಮಾತ್ರೆಗೂ ರಿಜಿಸ್ಟರ್, ಎಲ್ಲಾ ಬೇಕು.

ಆ ನೋಟ್‌ಬುಕ್ಕೇ ನಮ್ಮ ಕಾಲಂ ಆಯಿತು. 'ಮೊದಲ ಭೇಟಿಯಿಂದ ಒಂದು ವಾರದೊಳಗೆ ನೋವು 3 ಅಥವಾ ಅದಕ್ಕಿಂತ ಕಮ್ಮಿಗೆ ಇಳಿದ ರೋಗಿಗಳು, ಶೇಕಡಾವಾರು.' ಮೇಡಂ ಅಲ್ಲೇ ಗಾಡಿಯಲ್ಲಿ ಕೂತು ಬರೆದುಕೊಂಡರು. ನಾನು ಕಚೇರಿಯಲ್ಲಿ ಕೂತು ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯದಿದ್ದ ಸಾಲು ಅದು.

ಹಣ ಮಾರ್ಚ್ ಕೊನೆಗೆ ಮಂಜೂರಾಯಿತು, ವರ್ಷ ಮುಗಿಯುವ ಅವಸರದಲ್ಲಿ. ಇಬ್ಬರೂ ನರ್ಸ್ ಸಂಬಳ ಪಾಸ್. ಡೀಸೆಲ್ಲಿಗೆ ಕತ್ತರಿ. ನಾವು ಕೇಳದೇ ಇದ್ದ ಎರಡು ಟ್ಯಾಬ್ಲೆಟ್ ಬಂದವು, ಮಾತ್ರೆಯಲ್ಲ, ಕಂಪ್ಯೂಟರ್. 3 ವರ್ಷ ಆದಮೇಲೆ ಯೋಜನೆ ಸ್ವಂತ ಕಾಲ ಮೇಲೆ ಹೇಗೆ ನಿಲ್ಲುತ್ತದೆ ಅಂತ ಒಂದು ಪುಟ ಬರೆಸಿಕೊಂಡರು. ಸಾಯುವವರ ಹತ್ತಿರ ಫೀಸು ತಗೊಳ್ಳೋ ಯೋಚನೆ ನಮಗಿಲ್ಲ, ಹಾಗಾಗಿ ಊರಿನ ದಾನಿಗಳ ಹೆಸರನ್ನೇ ಒಳ್ಳೆ ಭಾಷೆಯಲ್ಲಿ ಬರೆದು ಕೊಟ್ಟೆವು.

ಒಪ್ಪಂದದಲ್ಲಿ ಇನ್ನೊಂದು ಷರತ್ತಿತ್ತು. ಗಾಡಿಯ ಎರಡೂ ಬದಿ ಕಂಪನಿ ಲೋಗೋ, ಕೆಳಗೆ 'ಕ್ಯಾನ್ಸರ್ ರೋಗಿಗಳ ಮನೆ ಆರೈಕೆ'. ನರ್ಸ್‌ಗಳು ಇಬ್ಬರೂ ಒಂದೇ ಬಾಯಲ್ಲಿ ಆಗಲ್ಲ ಅಂದರು. ಆ ಗಾಡಿ ಯಾರ ಮನೆ ಮುಂದೆ ನಿಂತರೆ ಇಡೀ ಓಣಿಗೆ ಗೊತ್ತಾಗುತ್ತದೆ, ಆ ಮನೆಯ ಹುಡುಗಿಯನ್ನು ನೋಡಲು ಬಂದವರು ಹಾಗೇ ವಾಪಸ್ ಹೋಗುತ್ತಾರೆ, ಕ್ಯಾನ್ಸರ್ ಅಂಟುತ್ತದೆ ಅಂತ ನಂಬುವವರು ಈಗಲೂ ಇದ್ದಾರೆ. ಮೇಡಂಗೆ ಬಿಡಿಸಿ ಹೇಳಿದೆವು. ಕೊನೆಗೆ ಅವರ ಒಪ್ಪಿಗೆ ತಗೊಂಡೇ ಮ್ಯಾಗ್ನೆಟ್ ಬೋರ್ಡ್ ಮಾಡಿಸಿದೆವು. ಕೊಪ್ಪಳದಲ್ಲಿ ಹಚ್ಚಿರುತ್ತದೆ, ಹಳ್ಳಿಯ ಅಗಸಿ ಬರುವ ಮುಂಚೆ ಡ್ರೈವರ್ ಕಿತ್ತು ಸೀಟಿನ ಹಿಂದೆ ಇಡುತ್ತಾನೆ.

ಮೊನ್ನೆ ಕುಕನೂರು ರಸ್ತೆಯಲ್ಲಿ ಒಂದು ಬೋರ್ಡ್ ಎಲ್ಲೋ ಬಿದ್ದುಹೋಗಿದೆ. ಹೊಸದು ಮಾಡಿಸಬೇಕು, ಬಜೆಟ್‌ನಲ್ಲಿ ಅದಕ್ಕೆ ಸಾಲೇ ಇಲ್ಲ. ಡೀಸೆಲ್ ಲೆಕ್ಕಕ್ಕಂತೂ ಹಾಕಲು ಬಿಡಲ್ಲ ಅಂತ ಕಂಪನಿಗೆ ಮೇಲ್ ಹಾಕಿ ಕೂತಿದ್ದೇನೆ.